ಗರಗಸಕ್ಕೆ ಕೊಡದ ಬಂದೂಕು

ಆರ್ಲಿಸ್ ಲುಂಡೀನ್ ನಗುವುದನ್ನು ನೋಡಿದವರು ನಮ್ಮೂರಿನಲ್ಲಿ ಕಡಿಮೆ. ನಗು ಬಾರದವಳೇನಲ್ಲ. ರಾಯ್ಸ್ ಹ್ಯಾಡ್ಲಿಗೆ ಏನಾದರೂ ಕೇಡಾಯಿತೆಂದು ಸುದ್ದಿ ಬಂದ ದಿನ ಬಾಯ್ತುಂಬ ನಗುತ್ತಿದ್ದಳು. ಆದರೆ ರಾಯ್ಸ್‌ಗೆ ಕೇಡಾಗುವುದೇ ಅಪರೂಪವಾಗಿತ್ತು.

ಅವಳದು ಮಾಂಸ ಕತ್ತರಿಸುವ ಕೆಲಸ. ಮೊಂಟಾನಾದ ನಮ್ಮ ಕಣಿವೆಯಲ್ಲಿ ಎಲೆ ಹಳದಿಯಾಗತೊಡಗಿತೆಂದರೆ ಜನ ಹೊಡೆದ ಜಿಂಕೆಗಳನ್ನೂ ಎಲ್ಕ್ ಎಂಬ ಕುದುರೆ ಗಾತ್ರದ ಕಡವೆಗಳನ್ನೂ ಪಿಕಪ್ ಗಾಡಿಗೆ ಹಾಕಿಕೊಂಡು ನೇರ ಅವಳ ಶೆಡ್ಡಿಗೇ ಬರುತ್ತಿದ್ದರು. ಆಳು ಗಿಡ್ಡ. ಮೇಜು ಎಟುಕದೆ ಹಾಲಿನ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದಳು. ಮುಂಗೈಗಳು ಮಾತ್ರ ಕಮ್ಮಾರನ ಮುಂಗೈಗಳು. ತೊಡೆಯನ್ನು ಸೊಂಟದಿಂದ ಬಿಡಿಸುವಾಗ ಅವಳ ಚಾಕು ಎಲ್ಲಿ ಹೊಕ್ಕು ಎಲ್ಲಿ ಹೊರಬಂತೆಂದು ಕಣ್ಣಿಗೆ ಬೀಳುತ್ತಿರಲಿಲ್ಲ.

ಗಂಡ ಡೆಲ್ಮರ್ ಅವಳ ಎರಡರಷ್ಟು ಇದ್ದ. ಅವನು ಕೆಲಸಕ್ಕಿದ್ದದ್ದು ರಾಯ್ಸ್ ಬಳಿ. ದೂರದೂರಿನ ಸಾಹುಕಾರರನ್ನು ಬೆಟ್ಟಕ್ಕೆ ಕರೆದೊಯ್ದು ಬೇಟೆಯಾಡಿಸಿ ಕರೆತರುವುದು ರಾಯ್ಸ್‌ನ ಕಸುಬು. ಆ ಸವಾರಿಯ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ನೋಡಿಕೊಳ್ಳುತ್ತಿದ್ದವನು ಡೆಲ್ಮರ್. ಅಷ್ಟು ದೊಡ್ಡ ಗಂಡಸಿಗೆ ಒಂದೇ ದೌರ್ಬಲ್ಯ, ಒಬ್ಬನೇ ಇರಲಾರ. ಒಂದು ಹಿಡಿ ಮೊಳೆ ತರಲು ಹೋಗಬೇಕಾದರೂ ನನ್ನ ಮನೆ ಮುಂದೆ ಹಾರ್ನ್ ಹೊಡೆದು, "ಎಲ್ಡನ್, ಸುಮ್ನೆ ಬಾರೋ, ಹೋಗ್ಬರೋಣ" ಎನ್ನುತ್ತಿದ್ದ. ನಾನಾಗ ಅಂಚೆ ಹಂಚುತ್ತಿದ್ದೆ. ಎಷ್ಟೋ ದಿನ ನನ್ನ ಗಾಡಿಯ ಪಕ್ಕದ ಸೀಟಿನಲ್ಲಿ ಕೂತು ಇಡೀ ಕಣಿವೆ ಸುತ್ತಿದ್ದಾನೆ, ಏನೂ ಕೆಲಸವಿಲ್ಲದೆ.

ಒಂದು ನವೆಂಬರಿನಲ್ಲಿ ಸಾಮಿಲ್ ಗುಡ್ಡದ ಮೇಲೆ, ಹಿಮದಲ್ಲಿ, ಕುದುರೆ ಜಾರಿ ಅವನ ಮೇಲೆ ಬಿತ್ತು. ತೊಡೆಯ ಮೂಳೆ ಮುರಿಯಿತು. ಆ ಸಲ ರಾಯ್ಸ್ ಜೊತೆಗಿದ್ದ ಗಿರಾಕಿ ಒಬ್ಬನೇ. ದೊಡ್ಡ ಕೊಂಬಿನ ಎಲ್ಕ್ ಹೊಡೆದಿದ್ದ, ಮಾರನೆಯ ದಿನ ಅವನಿಗೆ ವಿಮಾನ ಹಿಡಿಯಬೇಕಿತ್ತು. ರಾಯ್ಸ್ ಗಿರಾಕಿಯನ್ನೂ ಕೊಂಬನ್ನೂ ಕೆಳಗಿಳಿಸಿದ. ಹೋಟೆಲಿನಲ್ಲಿ ಅವನ ಜೊತೆ ಕೂತು ಊಟ ಮಾಡಿದ. ಶೆರಿಫ್ ಕಚೇರಿಗೆ ಫೋನ್ ಮಾಡಿದ್ದು ಬೆಳಗಾದ ಮೇಲೆ. ಜನ ಮೇಲೆ ಹತ್ತಿ ಹುಡುಕುವ ಹೊತ್ತಿಗೆ ಡೆಲ್ಮರ್ ಸೆಟೆದು ಹೋಗಿದ್ದ.

"ನಂಗೇನಾಗಿಲ್ಲ, ನೀನು ಹೋಗು, ಬೆಳಿಗ್ಗೆ ಜನ ಕರ್ಕೊಂಡು ಬಾ ಸಾಕು, ಅಂತ ಡೆಲ್ಮರೇ ಹೇಳ್ದ," ಎಂದ ರಾಯ್ಸ್. ಗಿರಾಕಿ, ತಾನು ಮುಂದೆ ಇಳಿದಿದ್ದೆ, ಏನೂ ಕೇಳಿಸಲಿಲ್ಲ ಎಂದು ಫೋನಿನಲ್ಲೇ ಹೇಳಿ ಮುಗಿಸಿದ. ಗಾಯಾಳುವೇ ಹೋಗು ಅಂದಮೇಲೆ ತಪ್ಪು ಯಾರದು? ಅಪಘಾತವೆಂದು ಬರೆದು ಮುಚ್ಚಿದರು.

ಮಣ್ಣು ಮಾಡುವ ದಿನ ರಾಯ್ಸ್ ಟೋಪಿಯನ್ನು ಎದೆಗೊತ್ತಿಕೊಂಡು ಬಂದು ಅದೇ ಮಾತನ್ನು ಆರ್ಲಿಸ್ ಎದುರು ಹೇಳಿದ. "ಕೊನೇತನಕ ಧೈರ್ಯವಾಗಿದ್ದ ಕಣಮ್ಮಾ. ನೀನ್ ಹೋಗು ಅಂತ ಅವನೇ ಕಳಿಸ್ದ."

ಅವಳು ಅವನ ಮುಖವನ್ನೇ ನೋಡಿದಳು. "ಡೆಲ್ಮರ್ ಕಕ್ಕಸಿಗೆ ಹೋದ್ರೂ ಬಾಗಿಲು ತೆಗೆದಿಟ್ಕೊಂಡು ನನ್ ಜೊತೆ ಮಾತಾಡ್ತಿದ್ದ. ಅವನು ಹೋಗು ಅಂದ್ನಾ?"

ರಾಯ್ಸ್ ಕಣ್ಣು ತಗ್ಗಿಸಿ ಪಾದ್ರಿಯ ಕಡೆ ಸರಿದ. ಅವತ್ತು ಶುರುವಾದ ಹಗೆ ಒಂಬತ್ತು ವರ್ಷ ಆರಲಿಲ್ಲ. ಜುಲೈ ತಿಂಗಳ ಸುಡುಬಿಸಿಲಿನಲ್ಲಿ, ರಾಯ್ಸ್ ಊರಲ್ಲಿಲ್ಲದ ವಾರ ನೋಡಿ, ಅವನ ಪಿಕಪ್ಪಿನ ಹಿಂಬದಿಗೆ ಒಂದು ಪೀಪಾಯಿ ಕರುಳು ಸುರಿದು ಟಾರ್ಪಾಲು ಬಿಗಿದು ಬಂದಳು. ಚರ್ಚಿನಲ್ಲಿ ಅವನು ಕೂತ ಸಾಲಿನ ಹಿಂದೆಯೇ ಕೂತು, ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆ ಬಂದಾಗ ಅವನ ಕತ್ತಿನ ಹತ್ತಿರ ಬಾಗಿ ಜೋರಾಗಿ ಓದುತ್ತಿದ್ದಳು. ಅವನು ಚರ್ಚು ಬದಲಾಯಿಸಿದ. ಅದಕ್ಕೂ ಒಂದು ದಿನ ನಕ್ಕಳು. ಆದರೆ ಇವೆಲ್ಲ ಸೊಳ್ಳೆ ಕಡಿದ ಹಾಗೆ ಎಂದು ಅವಳಿಗೇ ಗೊತ್ತಿತ್ತು. ರಾಯ್ಸ್‌ನ ಗಿರಾಕಿಗಳು ಹೆಚ್ಚುತ್ತಲೇ ಹೋದರು.

ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ ರಾಯ್ಸ್‌ನ ಹೆಂಡತಿ ಮೇವಿಸ್ ಅವನನ್ನು ಬಿಟ್ಟಳು. ಬಿಟ್ಟವಳು ಮೊದಲು ಬಂದದ್ದು ಆರ್ಲಿಸ್‌ಳ ಶೆಡ್ಡಿಗೆ, ಕಂಬಳಿಯಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು. ನಾನು ನನ್ನ ಜಿಂಕೆಯ ಮಾಂಸ ಒಯ್ಯಲು ಹೋಗಿದ್ದೆ. ನನ್ನನ್ನು ಕಂಡು ಮೇವಿಸ್ ಹಿಂಜರಿದಳು.

"ಎಲ್ಡನ್ ಇರ್ಲಿ ಬಿಡು," ಎಂದಳು ಆರ್ಲಿಸ್, ಚಾಕು ಕೆಳಗಿಡದೆ. "ಹ್ಯಾಡ್ಲಿ ಮನೆಯೋರಿಗೆ ಇಲ್ಲೇನು ಕೆಲ್ಸ?"

"ನಾನೀಗ ಆ ಮನೆಯೋಳಲ್ಲ ಕಣೇ. ಇದು ನೋಡು."

ಕಂಬಳಿ ಬಿಚ್ಚಿದಳು. ರಾಯ್ಸ್‌ನ ರೈಫಲ್. ಕಣಿವೆಯಲ್ಲಿ ಆ ಬಂದೂಕನ್ನು ತಿಳಿಯದವರಿರಲಿಲ್ಲ. ಕಡಿದಾದ ಬೆಟ್ಟ ಹತ್ತುವವರಿಗೆಂದೇ ಹಗುರವಾಗಿ ಮಾಡಿದ್ದು. ಅವನ ಜಾಹೀರಾತಿನ ಎಲ್ಲ ಫೋಟೋಗಳಲ್ಲೂ ಅವನ ಭುಜದ ಮೇಲಿರುತ್ತಿದ್ದದ್ದು.

"ಕದ್ದ್ಯೇನೇ?" ಎಂದಳು ಆರ್ಲಿಸ್.

"ಕದಿಯೋದ್ಯಾಕೆ? ನನ್ನ ಹುಟ್ಟಿದ ಹಬ್ಬಕ್ಕೆ ಕೊಡ್ಸಿದ್ದು. ಊರೆಲ್ಲ ಕರ್ದು, ಕೇಕ್ ಕತ್ತರಿಸಿ, ನನ್ ಹೆಂಡ್ತಿಗೆ ಅಂತ ನನ್ ಕೈಗೇ ಇಟ್ಟ. ಭುಜಕ್ಕೆ ಒತ್ತೋ ಹಿಂದಿನ ಹಿಡೀನೂ ನನ್ನ ಅಳತೆಗೆ ಮೋಟು ಮಾಡ್ಸಿದ್ದ. ಮಾರನೇ ದಿನ ಅದಕ್ಕೆ ದಪ್ಪ ರಬ್ಬರ್ ಜೋಡಿಸ್ಕೊಂಡು ತಾನೇ ಇಟ್ಕೊಂಡ. ಒಂದ್ ಗುಂಡೂ ನಾನು ಹೊಡೆದಿಲ್ಲ. ಆ ರಬ್ಬರ್ ಕಿತ್ತು ಒಲೆಗೆ ಹಾಕ್ದೆ ಇವತ್ತು. ವಕೀಲರನ್ನ ಕೇಳ್ದೆ, ನಿಂದೇ, ಏನ್ ಬೇಕಾದ್ರೂ ಮಾಡ್ಕೋ ಅಂದ್ರು."

"ನನ್ ಹತ್ರ ಯಾಕ್ ತಂದೆ?"

"ಈ ಬಂದೂಕು ನಿನ್ನ ಕೈಯಲ್ಲಿರೋದು ಕಂಡ್ರೆ ಅವನಿಗೆ ಊಟ ಸೇರಲ್ಲ. ದುಡ್ಡು ಬೇಡ. ಚಳಿಗಾಲ ಕಳೆಯೋಷ್ಟು ಸಾಸೇಜ್ ಮಾಡಿ ಕೊಡು. ಖಾರ ಹಾಕಿರೋದು."

ಆರ್ಲಿಸ್ ಆಗ ಚಾಕು ಕೆಳಗಿಟ್ಟು ಕೈ ತೊಳೆದುಕೊಂಡಳು. ಅವಳು ಬಾಯ್ತುಂಬ ನಕ್ಕದ್ದನ್ನು ನಾನು ಹತ್ತಿರದಿಂದ ಕಂಡದ್ದು ಅವತ್ತು. ಚೆಂದದ ನಗುವೇನಲ್ಲ ಅದು.

ನಮ್ಮೂರಲ್ಲಿ ಎಲ್ಕ್ ಬೇಟೆ ಶುರುವಾಗುವ ಹಿಂದಿನ ಶನಿವಾರ ಎಲ್ಲರೂ ಬಂದೂಕಿನ ಗುರಿ ಸರಿನೋಡಿಕೊಳ್ಳಲು ಊರಾಚೆಯ ಶೂಟಿಂಗ್ ರೇಂಜಿಗೆ ಬರುತ್ತಾರೆ. ಚರ್ಚಿನ ಹೆಂಗಸರು ಚಿಲ್ಲಿ ಎಂಬ ಮಾಂಸ, ಕಾಳಿನ ಖಾರದ ಗೊಜ್ಜು ಬೇಯಿಸಿ, ದಾಲ್ಚಿನ್ನಿ ಹಾಕಿದ ಸುರುಳಿ ರೊಟ್ಟಿಯ ಜೊತೆ ಬಡಿಸುತ್ತಾರೆ. ಕೆಲಸದಿಂದ ನಿವೃತ್ತನಾದ ಮೇಲೆ ಅಲ್ಲಿ ಹಳದಿ ಅಂಗಿ ತೊಟ್ಟು ಸೀಟಿ ಊದುವ ಕೆಲಸ ನನ್ನದು. ನಾನು ಸೀಟಿ ಊದಿದರೆ ಎಲ್ಲರೂ ಗುಂಡು ತೆಗೆದು, ಗುಂಡಿನ ಮನೆ ಮುಚ್ಚುವ ಬೋಲ್ಟ್ ಎಂಬ ಅಗುಳಿಯನ್ನು ಹಿಂದಕ್ಕೆಳೆದು, ಬಂದೂಕನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು. ಮತ್ತೆ ಊದುವ ತನಕ ಯಾರೂ ಬಂದೂಕು ಮುಟ್ಟುವಂತಿಲ್ಲ.

ಆರ್ಲಿಸ್ ಬೇಗನೆ ಬಂದು ಕೊನೆಯ ಮೇಜು ಹಿಡಿದಳು. ರೈಫಲನ್ನು ನನ್ನ ಕೈಗಿತ್ತು, "ತೂಕ ನೋಡು," ಎಂದಳು. ನೋಡಿದೆ. ಕಸಬರಿಗೆ ಎತ್ತಿದ ಹಾಗಿತ್ತು. ನಳಿಗೆ ನನ್ನ ಕಿರುಬೆರಳಿಗಿಂತ ಸ್ವಲ್ಪ ದಪ್ಪ. ಬೋಲ್ಟಿನ ಹಿಡಿಯನ್ನೂ ಟೊಳ್ಳು ಮಾಡಿ ತೂಕ ಇಳಿಸಿದ್ದರು. ಮೈಯೆಲ್ಲ ಕಲ್ಲಿಗೆ ಉಜ್ಜಿದ ಗೀರು, ಬಣ್ಣ ಅಲ್ಲಲ್ಲಿ ಎದ್ದಿತ್ತು. ಆದರೆ ಬೋಲ್ಟ್ ಹಿಂದಕ್ಕೆಳೆದರೆ ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ಜಾರುತ್ತಿತ್ತು.

"ಹಗುರದ್ದು ಹೊರೋಕೆ ಸುಖ, ಹೊಡೆಯೋಕಲ್ಲ. ಒದೆಯುತ್ತೆ," ಎಂದೆ. "ಅದೂ ಅಲ್ದೆ, ರಬ್ಬರ್ ಕಿತ್ತ ಮೇಲೆ ಹಿಡಿ ಮೋಟಾಗಿದೆ. ಮೇಲಿರೋ ದುರ್ಬೀನು ಕಣ್ಣಿಗೆ ತೀರಾ ಹತ್ರ ಬರುತ್ತೆ. ಮುಂದಕ್ಕೆ ಸರಿಸ್ಕೋ, ಇಲ್ಲಾಂದ್ರೆ ಹುಬ್ಬು ಹೋಗುತ್ತೆ."

"ಒಂದ್ ಗುಂಡು ನೋಡೇಬಿಡ್ತೀನಿ."

ಯಾರ ಮಾತು ಕೇಳಿದವಳು! ಮರಳುಚೀಲದ ಮೇಲೆ ನಳಿಗೆಯಿಟ್ಟು, ಉಸಿರು ಬಿಟ್ಟು, ಟ್ರಿಗರ್ ಒತ್ತಿದಳು. ಢಂ ಎಂದಿತು. ಬಂದೂಕು ಹಿಂದಕ್ಕೆ ಹಾರಿ ದುರ್ಬೀನಿನ ಅಂಚು ಅವಳ ಹುಬ್ಬಿಗೆ ಕಚ್ಚಿತು. ಅರ್ಧಚಂದ್ರಾಕಾರದ ಗಾಯದಿಂದ ರಕ್ತ ಮೂಗಿನ ಪಕ್ಕದಲ್ಲಿ ಇಳಿಯಿತು.

"ಮುತ್ತು ಕೊಡ್ತು, ಹಾಳಾದ್ದು," ಎಂದು ತೋಳಿನಿಂದ ಒರೆಸಿಕೊಂಡಳು.

ನಾನು ಸ್ಕ್ರೂ ಸಡಿಲಿಸಿ ದುರ್ಬೀನನ್ನು ಮುಂದಕ್ಕೆ ಸರಿಸಿ ಬಿಗಿದುಕೊಟ್ಟೆ. ಗುರಿ ತಿದ್ದಿಕೊಳ್ಳಲು ಕೆಲವು ಗುಂಡು ಖರ್ಚಾಯಿತು. ಆಮೇಲೆ ನಳಿಗೆ ಆರುವ ತನಕ ಕಾಫಿ ಕುಡಿದು, ಮತ್ತೆ ಕೂತು ಮೂರು ಹೊಡೆದಳು. ನೂರು ಗಜ ದೂರದ ಹಾಳೆಯಲ್ಲಿ ಮೊದಲೆರಡು ತೂತು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರನೆಯದು ಅಂಗೈ ಅಗಲ ಮೇಲೆ ಹೋಗಿತ್ತು.

"ನಿನ್ನ ಕೈ ತಪ್ಪಲ್ಲ ಅದು," ಎಂದೆ. "ನಳಿಗೆ ತೆಳ್ಳಗಿದೆಯಲ್ಲ, ಎರಡು ಹೊಡೆಯೋಷ್ಟರಲ್ಲಿ ಕಾದುಬಿಡುತ್ತೆ. ಕಾದ್ರೆ ದಾರಿ ತಪ್ಪುತ್ತೆ."

"ಇದರ ಹಳೇ ಯಜಮಾನನ ಹಾಗೇ." ಬಿಸಿಯಾದ ನಳಿಗೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ತನಗೇ ಎಂಬಂತೆ, "ಕೆಟ್ಟದಾಗಿರ್ಲಿ ಅಂದ್ಕೊಂಡಿದ್ದೆ ಕಣೋ. ಎಷ್ಟ್ ಚೆನ್ನಾಗಿದೆ! ನನ್ನ ಭುಜಕ್ಕೇ ಅಳತೆ ತಗೊಂಡು ಮಾಡಿದ ಹಾಗಿದೆ," ಎಂದಳು. ಆ ಮಾತು ಹೇಳುವಾಗ ಅವಳಿಗೆ ಸಿಟ್ಟೇ ಬಂದಿತ್ತು.

ರಾಯ್ಸ್ ಬಂದದ್ದು ಆಗ. ಆ ವಾರದ ಗಿರಾಕಿಗಳಾದ ಇಬ್ಬರು ಅಣ್ಣತಮ್ಮಂದಿರು ಅವನ ಹಿಂದಿದ್ದರು. ಹೊಸ ಬೂಟು, ಹೊಸ ಕೋಟು. ರಾಯ್ಸ್ ಎಲ್ಲರಿಗೂ ಕೈ ಬೀಸುತ್ತ ಮೇಜುಗಳ ಸಾಲಿನಲ್ಲಿ ನಡೆದು ಬಂದವನು ಕೊನೆಯ ಮೇಜಿನ ಮುಂದೆ ಗಕ್ಕನೆ ನಿಂತ. ನಾನು ಅವನ ಮುಖ ನೋಡಿದವನೇ ಸೀಟಿ ಊದಿದೆ. ಎಲ್ಲರೂ ಬಂದೂಕು ಖಾಲಿ ಮಾಡಿಟ್ಟು ಹಿಂದೆ ಸರಿದರು. ಕಿವಿಗೆ ಮುಚ್ಚಿಕೊಂಡದ್ದನ್ನು ತೆಗೆದರು.

"ಅದು ನಂದು," ಎಂದ ರಾಯ್ಸ್.

"ಮೇವಿಸ್‌ದಾಗಿತ್ತು. ಈಗ ನಂದು."

"ಆ ಹುಚ್ಚಿ ಕೊಟ್ಲು, ನೀನು ತಗೊಂಡ್ಯಾ? ಕೊಡು ಇಲ್ಲಿ. ಏನ್ ಬೇಕು ಹೇಳು, ಕೊಡ್ತೀನಿ."

ಆರ್ಲಿಸ್ ಮೇಜಿಗೆ ಒರಗಿ ನಿಂತಳು. ಹುಬ್ಬಿನ ರಕ್ತ ಮತ್ತೆ ಜಿನುಗುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನನ್ ಶೆಡ್ಡಲ್ಲಿ ಮೂಳೆ ಕತ್ತರಿಸೋ ಗರಗಸ ಇದೆ, ನೀನು ನೋಡಿದ್ದೀಯ. ಸೋಮವಾರ ಬೆಳಿಗ್ಗೆ ಈ ಬಂದೂಕನ್ನ ಅದಕ್ಕೆ ಕೊಡ್ತೀನಿ, ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ತೀನಿ. ಡೆಲ್ಮರ್ ಬೆಟ್ಟದ ಮೇಲೆ ಏನ್ ಹೇಳ್ದ ಅಂತ ನಿಜ ಹೇಳು, ಗರಗಸಕ್ಕೆ ಕೊಡಲ್ಲ."

"ಎಷ್ಟ್ ಸಲ ಹೇಳ್ಬೇಕು? ನೀನ್ ಹೋಗು ಅಂದ."

"ಸೋಮವಾರ," ಎಂದಳು ಆರ್ಲಿಸ್, ಕಂಬಳಿ ಬಿಡಿಸುತ್ತ.

"ಯಾರು ಈ ಡೆಲ್ಮರ್?" ಎಂದು ಅಣ್ಣತಮ್ಮಂದಿರಲ್ಲಿ ಹಿರಿಯನು ಕೇಳಿದ.

"ನನ್ ಗಂಡ. ಇವನ ಹತ್ರ ಕೆಲಸಕ್ಕಿದ್ದ. ಕಾಲು ಮುರ್ಕೊಂಡು ಬಿದ್ದಿದ್ದಾಗ ಹಿಮದಲ್ಲಿ ಬಿಟ್ಟು, ನಿಮ್ಮಂಥೋರು ಒಬ್ಬರನ್ನ ಕೆಳಗಿಳಿಸ್ಕೊಂಡು ಬಂದು ಊಟ ಮಾಡ್ದ. ನೀವೂ ಈಗ ಅಲ್ಲಿಗೇ ಹೋಗ್ತಿರೋದು ಅಲ್ವಾ? ಹುಷಾರಾಗಿ ಕಾಲಿಡಿ."

"ಬಾಯ್ಮುಚ್ಚೇ!" ರಾಯ್ಸ್‌ನ ಕತ್ತು ಕೆಂಪಾಯಿತು. "ನೀನಿದ್ದ್ಯೇನೇ ಅಲ್ಲಿ? ಕತ್ತಲಾಗ್ತಿತ್ತು, ಹಿಮ ಬೀಳ್ತಿತ್ತು, ಆ ಗಿರಾಕಿ ಗಡಗಡ ನಡುಗ್ತಿದ್ದ, ವಿಮಾನ ತಪ್ಪಿದ್ರೆ ಕೋರ್ಟಿಗೆ ಎಳೀತೀನಿ ಅಂತಿದ್ದ. ನಿನ್ ಗಂಡ ಧೈರ್ಯವಾಗಿ ನೀನ್ ಹೋಗು ಅಂದ, ಅಷ್ಟೇ!"

"ಧೈರ್ಯವಾಗಿ."

"ಹೂಂ, ಧೈರ್ಯವಾಗಿ!"

"ಡೆಲ್ಮರ್‌ಗೆ ಧೈರ್ಯ ಇರ್ಲಿಲ್ಲ ರಾಯ್ಸ್. ಅವನಂಥ ಪುಕ್ಕಲ ಈ ಕಣಿವೇಲಿ ಹುಟ್ಟಿಲ್ಲ. ಅದಕ್ಕೇ ನಾನವನನ್ನ ಮದುವೆ ಆಗಿದ್ದು. ಸುಳ್ಳು ಹೇಳೋದಾದ್ರೆ ಸ್ವಲ್ಪ ನಂಬೋ ಹಾಗೆ ಹೇಳು. ಹೆಂಡ್ತಿಗೆ ಕೊಟ್ಟ ಉಡುಗೊರೇನೇ ವಾಪಸ್ ಕಸ್ಕೊಂಡೋನು ನೀನು, ನಿಂಗೆ ನೆಟ್ಟಗೆ ಸುಳ್ಳು ಹೇಳೋಕೂ ಬರಲ್ವಲ್ಲೋ!"

ಚಿಲ್ಲಿಯ ಹಂಡೆಯ ಹತ್ತಿರ ಯಾರೋ ಕಿಸಕ್ಕೆಂದರು. ರಾಯ್ಸ್ ಅತ್ತ ತಿರುಗಿದ, ಇತ್ತ ತಿರುಗಿದ. ಆ ನಗುವೇ ಅವನ ಕಟ್ಟೆ ಒಡೆದದ್ದು.

"ಕೂಗ್ತಿದ್ದ ಕಣೇ! ಸಾಕಾ? ಹಂದಿ ಹಾಗೆ ಕೂಗ್ತಿದ್ದ! ನನ್ ಬೂಟು ಹಿಡ್ಕೊಂಡಿದ್ದ, ಬಿಡಿಸ್ಕೊಂಡು ಬರ್ಬೇಕಾಯ್ತು. ಅಲ್ಲಿ ಹೇಗಿರ್ಲಿ ನಾನು, ಆ ಕೂಗು ಕೇಳ್ಕೊಂಡು? ಕಣಿವೆ ಇಳಿಯೋ ತನಕ ಕೇಳಿಸ್ತಿತ್ತು!"

ಹೇಳಿದ ಮೇಲೆ ಅವನಿಗೇ ತಿಳಿಯಿತು, ಏನು ಹೇಳಿದೆನೆಂದು. ಗುರಿಹಾಳೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು.

ಆರ್ಲಿಸ್ ಬೆಂಚಿನ ಮೇಲೆ ಕೂತಳು. ಕೇಳಿದ್ದು ಮೆಲ್ಲಗೆ. "ಏನಂತ ಕೂಗ್ತಿದ್ದ?"

ರಾಯ್ಸ್ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ.

"ಹೇಳು. ಏನಂತ?"

"ಬಿಟ್ಟೋಗ್ಬೇಡ ಅಂತ." ಆಮೇಲೆ, ನೆಲ ನೋಡುತ್ತ, "ನಿನ್ ಹೆಸ್ರೂ ಕೂಗಿದ," ಎಂದ.

ಅವಳ ಮುಖವನ್ನು ನಾನು ನೋಡಲಿಲ್ಲ, ನೋಡಲಾಗಲಿಲ್ಲ. ಅವಳು ಎದ್ದು, ಬಂದೂಕನ್ನು ಕಂಬಳಿಯಲ್ಲಿ ಸುತ್ತತೊಡಗಿದಳು; ನಾನಿನ್ನೂ ಸೀಟಿ ಊದಿರಲಿಲ್ಲ, ಆದರೂ ತಡೆಯಲಿಲ್ಲ. ರಾಯ್ಸ್ ಕೈ ಚಾಚಿದ.

"ಏನು?" ಎಂದಳು.

"ಕೊಡ್ತೀನಿ ಅಂದ್ಯಲ್ಲ."

"ಗರಗಸಕ್ಕೆ ಕೊಡಲ್ಲ ಅಂದೆ. ನಿಂಗೆ ಕೊಡ್ತೀನಿ ಅಂದ್ನಾ? ಎಲ್ಡನ್, ನೀನ್ ಕೇಳಿಸ್ಕೊಂಡ್ಯಾ?"

"ಇಲ್ಲ," ಎಂದೆ. "ಗರಗಸದ ಮಾತಷ್ಟೇ ಕೇಳಿಸ್ತು."

ರಾಯ್ಸ್ ಒಂದು ಹೆಜ್ಜೆ ಮುಂದಿಟ್ಟ. ಆರನೆಯ ಮೇಜಿನಲ್ಲಿ ತನ್ನ ಬಂದೂಕಿನ ಗುರಿ ನೋಡಲು ಬಂದಿದ್ದ ಶೆರಿಫ್‌ನ ಸಹಾಯಕ ಎದ್ದು ಬಂದು ಇಬ್ಬರ ನಡುವೆ ನಿಂತ. ಅವತ್ತು ಅವನಿಗೆ ರಜೆ, ಸಮವಸ್ತ್ರವಿರಲಿಲ್ಲ. "ಬೆಳಿಗ್ಗೆ ಕಚೇರಿಗೆ ಬಾ ರಾಯ್ಸ್," ಎಂದ. "ಈಗ ಹೇಳಿದ್ದನ್ನೇ ಅಲ್ಲೂ ಹೇಳ್ಬೇಕಾಗುತ್ತೆ."

ರಾಯ್ಸ್ ತಿರುಗಿ ನೋಡಿದಾಗ ಅವನ ಗಿರಾಕಿಗಳು ಅಲ್ಲಿರಲಿಲ್ಲ. ದೂರದಲ್ಲಿ ತಮ್ಮ ಗಾಡಿಗೆ ಪೆಟ್ಟಿಗೆಗಳನ್ನು ತುಂಬುತ್ತಿದ್ದರು. ಅವರ ಕಡೆ ಓಡಿದ. ಅವರು ಬಾಗಿಲು ಹಾಕಿಕೊಂಡರು.

ಅವನಿಗೆ ಜೈಲಾಗಲಿಲ್ಲ. ಅಷ್ಟು ವರ್ಷವಾದ ಮೇಲೆ ಮೊಕದ್ದಮೆ ನಿಲ್ಲುವುದಿಲ್ಲವೆಂದರು ವಕೀಲರು. ಆದರೆ ಬೇಟೆಗೆ ಜನರನ್ನು ಕರೆದೊಯ್ಯುವ ಪರವಾನಗಿ ಹೋಯಿತು. ವಿಚಾರಣೆಯ ದಿನ ಆರ್ಲಿಸ್ ಮುಂದಿನ ಸಾಲಿನಲ್ಲಿ, ಹುಬ್ಬಿನ ಮೇಲೆ ಹೊಸ ಗಾಯದ ಗುರುತು ಹೊತ್ತು, ಅವನನ್ನೇ ನೋಡುತ್ತ ಕೂತಿದ್ದಳು. ಕುದುರೆಗಳು ಮಾರಾಟವಾದವು. ಮರುವಸಂತದಲ್ಲಿ ರಾಯ್ಸ್ ಗಂಟುಮೂಟೆ ಕಟ್ಟಿ ನೆವಾಡಾದ ಕಡೆ ಹೋದ, ಅಲ್ಲಿ ಯಾರದೋ ದನಗಳಿಗೆ ಮೇವು ಹಾಕುತ್ತಾನಂತೆ. ಸುದ್ದಿ ತಂದವರಿಗೆ ಆರ್ಲಿಸ್ ಕಾಫಿ ಕೊಟ್ಟು, ಇನ್ನೊಂದು ಸಲ ಹೇಳಿಸಿ ಕೇಳಿದಳು.

ರೇಂಜಿನ ಆ ಶನಿವಾರವಾಗಿ ಕೆಲವು ವಾರಕ್ಕೆ, ಹಿಮ ಬಿದ್ದ ಮೇಲೆ, ನಾನೂ ಅವಳೂ ನನ್ನ ಹೇಸರಗತ್ತೆಯನ್ನು ಹಿಡಿದುಕೊಂಡು ಸಾಮಿಲ್ ಗುಡ್ಡ ಹತ್ತಿದೆವು. ಮೇಲೆ ಹತ್ತಲು ಅವಳಿಗೆ ನನ್ನಷ್ಟು ಕಷ್ಟವಾಗಲಿಲ್ಲ; ಆ ಬಂದೂಕು ಭುಜದಲ್ಲಿ ಇದೆಯೋ ಇಲ್ಲವೋ ಎಂಬಂತೆ ನಡೆದಳು. ಮಧ್ಯಾಹ್ನದ ಹೊತ್ತಿಗೆ ಫರ್ ಎಂಬ ಸೂಜಿಯೆಲೆಯ ಮರಗಳ ಅಂಚಿನಲ್ಲಿ ಒಂದು ಹೆಣ್ಣು ಎಲ್ಕ್ ಹೊರಬಂತು. ಮೊಣಕಾಲೂರಿ ಕೂತು ಒಂದೇ ಗುಂಡಿನಲ್ಲಿ ಕೆಡವಿದಳು. ಎರಡನೆಯದು ಬೇಕಾಗಲಿಲ್ಲ.

ಡೆಲ್ಮರ್ ಸಿಕ್ಕಿದ ಜಾಗ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ನಾನು ತೋರಿಸಲಿಲ್ಲ, ಅವಳೇ ಹೋಗಿ ನಿಂತಳು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದೆ. "ಬಾರೋ," ಎಂದು ಕರೆದಳು. "ಒಬ್ಳೇ ನಿಂತ್ರೆ ಅವನಿಗೆ ಇಷ್ಟ ಆಗಲ್ಲ."

ಹೋಗಿ ಪಕ್ಕದಲ್ಲಿ ನಿಂತೆ.

"ಕೇಳಿದ್ದು ತಪ್ಪಾಯ್ತು ಅನ್ಸುತ್ತಾ?" ಎಂದು ಕೇಳಿದೆ. ಆ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿಲ್ಲವೆಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚಿದರೆ ಡೆಲ್ಮರ್ ಕೂಗುತ್ತಾನೆ ಎಂದಿದ್ದಳು ಒಮ್ಮೆ.

"ಇಲ್ಲ. ನನ್ ಹೆಸ್ರು ಕೂಗಿದ್ದ, ಅದನ್ನ ಆ ಬೋಳಿಮಗ ತನ್ನ ಹೊಟ್ಟೇಲಿಟ್ಕೊಂಡಿದ್ದ. ಅದು ನನ್ನ ಸ್ವತ್ತು. ಕಿತ್ಕೊಂಡೆ." ಕೈಗವಸು ಕಳಚಿ ಮೂಗು ಒರೆಸಿಕೊಂಡಳು. "ಪಾದ್ರಿ ಬಂದಿದ್ರು ಮೊನ್ನೆ. ಈಗ್ಲಾದ್ರೂ ಅವನನ್ನ ಕ್ಷಮಿಸ್ಬಿಡು ತಾಯಿ ಅಂದ್ರು. ಸಾಸೇಜ್ ಕೊಟ್ಟು ಕಳಿಸ್ದೆ."

"ಕ್ಷಮೆ?"

"ಸಾಸೇಜ್ ಅಂದೆ."

ಮೋಡ ಕವಿಯುತ್ತಿತ್ತು. ಇಬ್ಬರೂ ಕೆಲಸಕ್ಕೆ ಕೈಹಾಕಿದೆವು. ಅವಳು ಚಾಕು ಹಿಡಿದಳು, ನಾನು ಕಾಲುಗಳನ್ನು ಹಿಡಿದುಕೊಂಡೆ. ಮಾಂಸವನ್ನು ಚೀಲಗಳಿಗೆ ತುಂಬಿ ಹೇಸರಗತ್ತೆಯ ಎರಡೂ ಬದಿಗೆ ಸಮನಾಗಿ ಬಿಗಿದು, ಬೆಳಕಿರುವಾಗಲೇ ಗುಡ್ಡ ಇಳಿದೆವು.